ತೋಟದ ಲೆಕ್ಕ ತಿರುವುಮುರುವಾದರೆ

ತಮ್ಮಾ, ಶಿರಸಿಯಿಂದ ಅಮೆರಿಕಕ್ಕೆ ಬಂದು ತಿಂಗಳಾಗಿಲ್ಲ, ಆಗಲೇ ನೀನು ಕೇಳಿದೆ: ‘ಆರೋಗ್ಯ ಮಸೂದೆಯಿಂದ ಸರ್ಕಾರಕ್ಕೆ ಇಷ್ಟು ಉಳಿತಾಯ ಅಂತಾರಲ್ಲ, ನಂಬಬಹುದಾ? ನನ್ನ ವಿಮೆಯ ಪ್ರೀಮಿಯಂ ಇಳಿಯುತ್ತದಾ?’

ಪ್ರೀಮಿಯಂ ಮಾತು ಬಿಡು. ಖಜಾನೆಯ ಉಳಿತಾಯಕ್ಕೂ ನಿನ್ನ ಸಂಬಳದ ಚೀಟಿಗೂ ನೇರ ಸಂಬಂಧ ಇಲ್ಲ. ಆ ಅಂಕಿ ಹೇಗೆ ಹುಟ್ಟುತ್ತದೆ ಎಂಬುದಕ್ಕೆ 2010ರ ಒಬಾಮಾಕೇರ್, ಅಂದರೆ ಅಧ್ಯಕ್ಷ ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನು, ನೋಡು. ಹತ್ತು ವರ್ಷದಲ್ಲಿ ಸರ್ಕಾರದ ಬಜೆಟ್ ಕೊರತೆ 143 ಬಿಲಿಯನ್ ಡಾಲರ್, ಅಂದರೆ 14,300 ಕೋಟಿ ಡಾಲರ್, ಇಳಿಯುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿ ಸಿಬಿಒ ಹೇಳಿತ್ತು. ಕೂಡುವುದರಲ್ಲಿ ತಪ್ಪಿರಲಿಲ್ಲ. ಆದರೆ ಮಸೂದೆಯಲ್ಲಿ ಬರೆದದ್ದೆಲ್ಲ ಬರೆದ ಹಾಗೇ ನಡೆಯುತ್ತದೆ ಎಂದು ಹಿಡಿದೇ ಆ ಕಚೇರಿ ಲೆಕ್ಕ ಹಾಕಬೇಕು. ಬರೆಯುವವರಿಗೂ ಇದು ಗೊತ್ತು ಮಾರಾಯ.

ಮೊದಲು ವರ್ಷವಾರು ಕೋಷ್ಟಕ ತೆಗೆ. ಅಡಿಕೆ ತೋಟಕ್ಕೆ ಮೊದಲು ಖರ್ಚು, ಐದಾರು ವರ್ಷ ಕಳೆದ ಮೇಲೆ ಫಸಲು. ಇಲ್ಲಿ ತಿರುವುಮುರುವು: ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ಖರ್ಚಿನ ಕಡಿತ, ಹಲವು ತೆರಿಗೆ ಮೊದಲೇ ಶುರು, ವಿಮೆಯ ಸಹಾಯಧನ 2014ರಿಂದ. ಹತ್ತು ವರ್ಷದ ಲೆಕ್ಕದಲ್ಲಿ ದೊಡ್ಡ ಖರ್ಚು ಬಿದ್ದದ್ದು ಆರೇ ವರ್ಷಕ್ಕೆ.

ಎಲ್ಲಕ್ಕಿಂತ ಚಂದದ್ದು ಅದೇ ಮಸೂದೆಯಲ್ಲಿದ್ದ ಕ್ಲಾಸ್ ಎಂಬ ದೀರ್ಘಕಾಲದ ಆರೈಕೆಯ ವಿಮೆ. ಐದು ವರ್ಷ ಕಂತು ಕಟ್ಟಿದವರಿಗಷ್ಟೇ ಸೌಲಭ್ಯ. ಹಾಗಾಗಿ ಮೊದಲ ಹತ್ತು ವರ್ಷ ದುಡ್ಡು ಒಳಗೆ ಬರುವುದೇ ಹೆಚ್ಚು. ಸುಮಾರು 70 ಬಿಲಿಯನ್, ಆ 143ರ ಹತ್ತಿರ ಹತ್ತಿರ ಅರ್ಧ! ಸೊಸೈಟಿಯವರು ಸದಸ್ಯರ ಠೇವಣಿಯನ್ನೇ ಲಾಭ ಎಂದು ಬರೆದುಕೊಂಡ ಹಾಗೆ. 2011ರಲ್ಲಿ ಒಬಾಮಾ ಆಡಳಿತವೇ ‘ಇದು ನಡೆಯುವುದಿಲ್ಲ’ ಎಂದು ಕೈಬಿಟ್ಟಿತು, 2013ರ ಜನವರಿಯಲ್ಲಿ ರದ್ದಾಯಿತು.

ಮಸೂದೆಯಿಂದ ಹೊರಗಿಟ್ಟದ್ದನ್ನೂ ಹುಡುಕಬೇಕು. ಮೆಡಿಕೇರ್ ವೈದ್ಯರ ಶುಲ್ಕಕ್ಕೆ 1997ರ ಸೂತ್ರದಂತೆ ದೊಡ್ಡ ಕಡಿತ ಬೀಳಬೇಕಿತ್ತು. ಸಂಸತ್ತು ಮತ್ತೆ ಮತ್ತೆ ಮುಂದೂಡುತ್ತಿತ್ತು. ಅದನ್ನು ಸರಿಪಡಿಸಲು 200 ಬಿಲಿಯನ್‌ಗೂ ಹೆಚ್ಚು ಬೇಕಿತ್ತು, ಈ ಲೆಕ್ಕಕ್ಕೆ ಸೇರಿಸಲಿಲ್ಲ. ಸೂತ್ರ ಹೋದದ್ದು 2015ರಲ್ಲಿ. ಇನ್ನು ಮೆಡಿಕೇರ್ ಆಸ್ಪತ್ರೆ ನಿಧಿಯಲ್ಲಿ ಉಳಿದ ದುಡ್ಡು: ಅದು ನಿಧಿಯ ಆಯುಷ್ಯವನ್ನೂ ಹೆಚ್ಚಿಸುತ್ತದೆ, ಹೊಸ ಖರ್ಚಿಗೂ ಆಗುತ್ತದೆ ಎಂದರೆ ಒಂದೇ ಹಣ ಎರಡು ಸಲ ಎಣಿಸಿದಂತೆ ಎಂದು ಸಿಬಿಒ ತಾನೇ ಎಚ್ಚರಿಸಿತ್ತು.

ನೋವು ಕೊಡುವ ತೆರಿಗೆಯ ತಾರೀಖು ದೂರ ಇದ್ದರೆ ಅನುಮಾನಿಸು. ದುಬಾರಿ ವಿಮೆಗಳ ಮೇಲಿನ ಶೇ. 40ರ ‘ಕ್ಯಾಡಿಲಾಕ್’ ತೆರಿಗೆ 2018ಕ್ಕೆ ಇತ್ತು. ಎರಡು ಸಲ ಮುಂದೆ ಹೋಗಿ, ಒಂದು ಡಾಲರೂ ವಸೂಲಾಗದೆ 2019ರ ಡಿಸೆಂಬರಿನಲ್ಲಿ ರದ್ದಾಯಿತು.

ಹಾಗಂತ ಅಂದಾಜು ತಪ್ಪುವುದು ಒಂದೇ ಕಡೆಗಲ್ಲ. 2003ರ ಮೆಡಿಕೇರ್ ಔಷಧಿ ಯೋಜನೆಗೆ ಸಿಬಿಒ ಅಂದುಕೊಂಡದ್ದಕ್ಕಿಂತ ಕಡಿಮೆಯೇ ಖರ್ಚಾಯಿತು.

ನಿನ್ನ ಪ್ರೀಮಿಯಂ ಬೇಕಾದರೆ ಆಫೀಸಿನ ಓಪನ್ ಎನ್‌ರೋಲ್‌ಮೆಂಟ್ (ವರ್ಷಕ್ಕೊಮ್ಮೆ ವಿಮೆ ಆರಿಸುವ ಅವಧಿ) ಕಾಗದದಲ್ಲಿ ನೋಡು, ಪಕ್ಕದ ಡಿಡಕ್ಟಿಬಲ್, ಅಂದರೆ ವಿಮೆ ಕೊಡುವ ಮೊದಲು ನೀನೇ ಕೈಯಿಂದ ಕಟ್ಟಬೇಕಾದ ಮೊತ್ತ, ಆ ಕಾಲಮ್ಮನ್ನೂ ಓದು.