ಅತ್ತೆ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದರು

ಗುರುತು ಸಿಗದಂತೆ ಈ ಪ್ರಕರಣದ ವಿವರಗಳನ್ನು ಬದಲಿಸಿದ್ದೇನೆ.

ನಾನು ಆಪ್ತಸಲಹೆಗಾರ್ತಿ. ನನ್ನ ಬಳಿ ಬಂದವರು ಐವತ್ತರ ಆಸುಪಾಸಿನ ಸೊಸೆ. ಅತ್ತೆಗೆ 76 ವರ್ಷ. ಅಲ್ಝೈಮರ್ ಇದೆ ಎಂದು ಗೊತ್ತಾಗಿ ನಾಲ್ಕು ವರ್ಷವಾಗಿತ್ತು. ಆರು ತಿಂಗಳಲ್ಲಿ ಮೂರು ಸಲ ಅಡ್ಮಿಟ್ ಆಗಿದ್ದರು. ಮೊದಲು ಮೂತ್ರದ ಸೋಂಕು, ಆಮೇಲೆ ಮೈಯಲ್ಲಿ ನೀರಿನ ಕೊರತೆ, ಕೊನೆಗೆ ರಾತ್ರಿ ಬಿದ್ದು ತಲೆಗೆ ಪೆಟ್ಟು.

"ಮರೆವಿನ ಕಾಯಿಲೆ ಅಲ್ವಾ ಮೇಡಂ, ಹೀಗೇ ಜಾಸ್ತಿಯಾಗ್ತಾ ಹೋಗುತ್ತೆ. ನಾನೇನು ಮಾಡಿದ್ರೂ ಅಷ್ಟೆ" ಎಂದು ಅತ್ತರು. ನೀನು ಸರಿಯಾಗಿ ನೋಡ್ಕೊಳ್ತಿಲ್ಲ ಎಂದು ಗಂಡ ಅಂದಿದ್ದರಂತೆ.

ಆಸ್ಪತ್ರೆಗೆ ಸೇರಿಸುವ ಮುಂಚಿನ ಎರಡು ಮೂರು ದಿನ ಅತ್ತೆ ಹೇಗಿದ್ದರು ಎಂದು ಕೇಳಿದೆ. ಹಗಲಲ್ಲೂ ತೂಕಡಿಕೆ. ಊಟ ಬೇಡ. ಎದುರಿಗೆ ಇಲ್ಲದವರ ಜೊತೆ ಮಾತು. "ಕಾಯಿಲೆ ಜಾಸ್ತಿಯಾಯ್ತು ಅಂದ್ಕೊಂಡು ಸುಮ್ನಿದ್ವಿ" ಎಂದರು.

ಎಷ್ಟೋ ಮನೆಗಳು ಎಡವುವುದು ಇಲ್ಲೇ. ಅಲ್ಝೈಮರ್ ತಿಂಗಳು, ವರ್ಷ ಹಿಡಿದು ನಿಧಾನವಾಗಿ ಏರುತ್ತದೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಬೇರೆಯೇ ಆಗಿದ್ದರೆ ದೇಹಕ್ಕೆ ಏನೋ ಆಗಿದೆ ಎಂದೇ ಅನುಮಾನಿಸಬೇಕು. ಈ ಹಠಾತ್ ಗೊಂದಲಕ್ಕೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಸೋಂಕು, ನೀರಿನ ಕೊರತೆ, ಮಲಬದ್ಧತೆ, ನೋವು, ಹೊಸ ಮಾತ್ರೆ, ಯಾವುದರಿಂದಲಾದರೂ ಇದು ಬರಬಹುದು. ಉರಿಯುತ್ತಿದೆ, ನೋಯುತ್ತಿದೆ ಎಂದು ಹೇಳಲು ಮರೆವಿದ್ದವರಿಗೆ ಎಷ್ಟೋ ಸಲ ಆಗುವುದಿಲ್ಲ. ಕೆಲವೊಮ್ಮೆ ಜ್ವರ ಕೂಡ ಇರುವುದಿಲ್ಲ.

ಮಾತಾಡುತ್ತಾ ಇನ್ನೊಂದು ವಿಷಯ ಹೊರಬಂತು. ಹಾಸಿಗೆ ಒದ್ದೆಯಾಗುತ್ತದೆಂದು ಮಧ್ಯಾಹ್ನದಿಂದಲೇ ನೀರು ಕಡಿಮೆ ಕೊಡುತ್ತಿದ್ದರು. ರಾತ್ರಿಯೆಲ್ಲ ಬಟ್ಟೆ ಬದಲಿಸಿ ಬೆಳಿಗ್ಗೆ ಕೆಲಸಕ್ಕೆ ಓಡುವವರು ಇನ್ನೇನು ಮಾಡಿಯಾರು? ಬೈಯುವ ಮಾತೇ ಇಲ್ಲ. ಆದರೆ ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆ. ಮರೆವಿದ್ದವರು ನೀರು ಕೇಳುವುದನ್ನೂ ಮರೆಯುತ್ತಾರೆ. ನೀರು ಸಾಲದಿದ್ದರೆ ಮೂತ್ರದ ಸೋಂಕಿಗೆ, ಮಲಬದ್ಧತೆಗೆ, ತಲೆಸುತ್ತು ಬಂದು ಬೀಳುವುದಕ್ಕೆ ದಾರಿಯಾಗುತ್ತದೆ. ಮೂರು ಸಲವೂ ಡಿಸ್ಚಾರ್ಜ್ ಮಾಡುವಾಗ ಇದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ನನಗೆ ಬೇಸರವಾಗಿದ್ದು ಅದಕ್ಕೆ.

ಬೆಳಿಗ್ಗೆಯಿಂದ ಸಂಜೆಯವರೆಗೆ ಸ್ವಲ್ಪ ಸ್ವಲ್ಪವೇ ಕುಡಿಸಿ, ಮಲಗುವ ಮುಂಚಿನ ಎರಡು ಗಂಟೆ ಮಾತ್ರ ಕಡಿಮೆ ಮಾಡಿ ಎಂದೆ. ಹೃದಯದ ಅಥವಾ ಕಿಡ್ನಿ ತೊಂದರೆ ಇದ್ದವರಿಗಾದರೆ ಎಷ್ಟು ನೀರು ಎಂಬುದನ್ನು ವೈದ್ಯರೇ ಹೇಳಬೇಕು. ಅತ್ತೆ ಕೇಳದಿದ್ದರೂ ಎರಡು ಮೂರು ಗಂಟೆಗೊಮ್ಮೆ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಬೇಕು. ಊಟ ಕೂರಿಸಿಯೇ ಮಾಡಿಸಬೇಕು, ಆಮೇಲೂ ಅರ್ಧ ಗಂಟೆ ಕೂತಿರಬೇಕು. ತುತ್ತು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಮಾತ್ರೆಗಳನ್ನೆಲ್ಲ ತರಿಸಿ ನೋಡಿದೆ. ಮೂರೂ ಡಿಸ್ಚಾರ್ಜ್ ಚೀಟಿಯ ಮಾತ್ರೆಗಳು ಒಟ್ಟಿಗೇ ನಡೆಯುತ್ತಿದ್ದವು. ಜೊತೆಗೆ ಅಂಗಡಿಯಿಂದ ತಂದ ನೆಗಡಿ ಮಾತ್ರೆ ಬೇರೆ. ಕೆಲವು ನೆಗಡಿ ಮಾತ್ರೆ, ನಿದ್ದೆ ಮಾತ್ರೆಗಳು ಮರೆವಿದ್ದವರ ಗೊಂದಲವನ್ನು ಹೆಚ್ಚಿಸುತ್ತವೆ. ಮಾತ್ರೆ ನಿಲ್ಲಿಸಿ ಎನ್ನುವುದು ಆಪ್ತಸಲಹೆಗಾರರ ಕೆಲಸವಲ್ಲ. ಎಲ್ಲವನ್ನೂ ಒಬ್ಬರೇ ವೈದ್ಯರ ಮುಂದೆ ಇಟ್ಟು ಕೇಳಿ ಎಂದೆ.

ಗಂಡನನ್ನೂ ಕರೆಸಿದೆ. ವಾರದಲ್ಲಿ ಮೂರು ರಾತ್ರಿ ಅಮ್ಮನನ್ನು ನೀವು ನೋಡಿಕೊಳ್ಳಿ, ನಿಮ್ಮ ಹೆಂಡತಿ ಬೇರೆ ಕೋಣೆಯಲ್ಲಿ ಮಲಗಲಿ ಎಂದೆ. ಒಪ್ಪಲು ಸ್ವಲ್ಪ ಸಮಯ ತೆಗೆದುಕೊಂಡರು. ಒಪ್ಪಿದರು.

ಆಮೇಲೊಮ್ಮೆ ಬೆಳಿಗ್ಗೆ ಅತ್ತೆ ಮಂಕಾಗಿದ್ದರು. ಅದೇ ದಿನ ತೋರಿಸಿದರು. ಮೂತ್ರದ ಸೋಂಕು ಶುರುವಾಗಿತ್ತು, ಮನೆಯಲ್ಲೇ ಮಾತ್ರೆಯಲ್ಲಿ ವಾಸಿಯಾಯಿತು.

ಇನ್ನು ಆಸ್ಪತ್ರೆಯೇ ಬೇಕಾಗದು ಎಂದು ಮಾತ್ರ ನಾನು ಭರವಸೆ ಕೊಟ್ಟಿಲ್ಲ. ಸೇರಿಸಲೇಬೇಕಾದರೆ ಕನ್ನಡಕ, ಮಾತ್ರೆಗಳ ಪಟ್ಟಿ, ಅತ್ತೆ ದಿನಾ ಹೇಗಿರುತ್ತಾರೆಂದು ಬರೆದ ಒಂದು ಹಾಳೆ ಜೊತೆಗಿರಲಿ. ಮನೆಯವರೊಬ್ಬರು ಪಕ್ಕದಲ್ಲೇ ಇರಲಿ, ಹೊಸ ಜಾಗದಲ್ಲಿ ಗೊಂದಲ ಇನ್ನೂ ಏರುತ್ತದೆ. ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ಎಷ್ಟು ಚಿಕಿತ್ಸೆ ಬೇಕು, ಎಷ್ಟು ಬೇಡ ಎಂದು ಈಗಲೇ ವೈದ್ಯರ ಜೊತೆ ಮಾತಾಡಿ ಎಂದೂ ಹೇಳಿದ್ದೇನೆ. ಗಂಡ ಹೆಂಡತಿ ಒಟ್ಟಿಗೇ ಹೋಗುವುದಾಗಿ ಹೇಳಿದ್ದಾರೆ.