ಆ ಹಾಳೆಗಳನ್ನು ಭಾವನವರಿಗೆ ವಾಪಸ್ ಕೊಡಿ

ಸಿರುಗುಪ್ಪ ತಾಲ್ಲೂಕಿನ ಹಳ್ಳಿ ಶಾಲೆಯೊಂದರ ಶಿಕ್ಷಕಿಯ ಪತ್ರ ಓದಿ ನನಗೆ ಸಿಟ್ಟು ಬಂತು. ಅವರ ಮೇಲಲ್ಲ.

ವಿಷಯ ಇಷ್ಟು. ನವೆಂಬರ್ 1ರಂದು ತಾಲ್ಲೂಕು ಮಟ್ಟದ ರಾಜ್ಯೋತ್ಸವದಲ್ಲಿ ಹತ್ತು ನಿಮಿಷ ಮಾತಾಡಬೇಕೆಂದು ಬಿಇಒ ಸಾಹೇಬರು ಹೇಳಿದ್ದಾರೆ. ಶಿಕ್ಷಕರ ದಿನಾಚರಣೆಯಲ್ಲಿ ಎರಡನೇ ಪುಟಕ್ಕೇ ಗಂಟಲು ಕಟ್ಟಿ, ಅರ್ಧಕ್ಕೇ ಬಂದು ಕೂತಿದ್ದರಂತೆ. ಅದನ್ನು ನೆನೆದು ಈಗ ರಾತ್ರಿ ನಿದ್ದೆಯಿಲ್ಲ. ಹುಷಾರಿಲ್ಲ ಅಂತ ಹೇಳಿ ತಪ್ಪಿಸಿಕೋ ಎನ್ನುತ್ತಾರೆ ಯಜಮಾನರು. ‘ನನ್ನ ಸಭಾಕಂಪನಕ್ಕೆ ಏನು ಮಾಡಲಿ?’ ಎಂದು ಕೇಳಿದ್ದಾರೆ.

ಪತ್ರದ ಕೊನೆಯಲ್ಲಿ, ಆವರಣ ಹಾಕಿ, ಒಂದು ಸಾಲು ಬರೆದಿದ್ದಾರೆ: ‘ಎರಡೂ ಸಲ ಭಾಷಣ ಬರೆದುಕೊಟ್ಟಿದ್ದು ನಮ್ಮ ಭಾವನವರು, ಕಾಲೇಜಿನಲ್ಲಿ ಉಪನ್ಯಾಸಕರು, ಓದದಿದ್ದರೆ ಬೇಜಾರಾಗ್ತಾರೆ.’ ಈ ಸಲದ ಹನ್ನೆರಡು ಪುಟದ ಜೆರಾಕ್ಸ್ ಕೂಡ ಲಗತ್ತಿಸಿದ್ದಾರೆ.

ಮೇಡಂ, ಮಕ್ಕಳ ಮುಂದೆ ಬೆಳಗಿನಿಂದ ಸಂಜೆವರೆಗೆ ಮಾತಾಡುವ ನಿಮಗೆ ಸಭಾಕಂಪನ ಎಂದರೆ ನಾನು ನಂಬುವುದಿಲ್ಲ. ‘ಭವ್ಯ ಪರಂಪರೆಯ ದಿವ್ಯ ಸಾಕಾರಮೂರ್ತಿಯಾದ ನಮ್ಮೀ ನಾಡು’ ಅಂತ ನೀವು ಯಾವ ದಿನ ಮಾತಾಡಿದ್ದೀರಿ? ಆಡಿ ಅಭ್ಯಾಸವಿಲ್ಲದ ಮಾತು ಬಾಯಲ್ಲಿ ತಡವರಿಸುತ್ತದೆ. ಒಂದು ಪದ ತಪ್ಪಿದರೆ ಮುಂದಿನದು ಹೊಳೆಯುವುದಿಲ್ಲ, ಏಕೆಂದರೆ ಅದರ ಹಿಂದಿನ ಯೋಚನೆ ನಿಮ್ಮದಲ್ಲ. ಇನ್ನೊಬ್ಬರು ಬರೆದುಕೊಟ್ಟ ಭಾಷಣವನ್ನು ಓದಬೇಡಿ ಅಂತ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಇನ್ನು ನಿಮ್ಮ ಭಾವನವರ ವಿಚಾರ. ಪ್ರೀತಿಯಿಂದಲೇ ಬರೆದಿರಬಹುದು. ಆದರೆ ಕೇಳುವವರು ಯಾರು ಎಂದು ಅವರು ಒಂದು ಕ್ಷಣವೂ ಯೋಚಿಸಿಲ್ಲ. ಮೊದಲ ಪುಟ ಪೂರ್ತಿ ವೇದಿಕೆಯ ಗಣ್ಯರ ಸಂಬೋಧನೆಗೇ ಹೋಗಿದೆ. 1956ರಲ್ಲಿ ನಾಡಿಗೆ ಕರ್ನಾಟಕ ಎಂದು ಹೆಸರಿಟ್ಟರು ಎಂದು ಬರೆದಿದ್ದಾರೆ. ಇದು ತಪ್ಪು. ಆಗ ಒಂದಾದದ್ದು ಮೈಸೂರು ರಾಜ್ಯ ಎಂಬ ಹೆಸರಿನಲ್ಲೇ, ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. ಮಕ್ಕಳಿಗೆ ಪಾಠ ಹೇಳುವ ನಿಮ್ಮ ಬಾಯಿಂದ ಅದನ್ನು ಮೈಕಿನಲ್ಲಿ ಹೇಳಿಸಲು ಹೊರಟಿದ್ದರಲ್ಲ!

ನನಗೆ ಇನ್ನೂ ಬೇಸರವಾದದ್ದು ಬೇರೆ ಕಾರಣಕ್ಕೆ. ಹನ್ನೆರಡು ಪುಟದಲ್ಲಿ ನಿಮ್ಮೂರಿಲ್ಲ. ಸಿರುಗುಪ್ಪ ಸೇರಿದಂತೆ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮದ್ರಾಸ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಹುಟ್ಟಿದ ದಿನವೇ. ಆದೋನಿ, ಆಲೂರು, ರಾಯದುರ್ಗ ಆ ಕಡೆ ಉಳಿದವು. ಉಳಿದ ಕರ್ನಾಟಕಕ್ಕಿಂತ ಮೂರು ವರ್ಷ ಮೊದಲೇ ನಿಮ್ಮ ಅಜ್ಜ ಅಜ್ಜಿಯರು ಈ ಸಂಭ್ರಮವನ್ನೂ ಸಂಕಟವನ್ನೂ ನೋಡಿದ್ದರು. ಆ ಹೊತ್ತಿನಲ್ಲೇ ಬಳ್ಳಾರಿಯಲ್ಲಿ ಏಕೀಕರಣ ಹೋರಾಟಗಾರ ರಂಜಾನ್ ಸಾಬ್ ಪ್ರಾಣ ಕೊಟ್ಟರು. ಸಿರುಗುಪ್ಪದ ಮೈದಾನದಲ್ಲಿ ಇದನ್ನು ಹೇಳದೆ ಇನ್ನೆಲ್ಲಿ ಹೇಳುವುದು?

ನಿಮ್ಮ ಹತ್ತಿರ ಹೇಳಲು ಇನ್ನೂ ಒಂದಿದೆ, ಪತ್ರದಲ್ಲಿ ನೀವೇ ಬರೆದಿದ್ದೀರಿ. ಭತ್ತ ಬೆಳೆಯುವವರ ವಸತಿಯಾದ ಕ್ಯಾಂಪಿನಿಂದ ಬರುವ ತೆಲುಗು ಮನೆಮಾತಿನ ಹುಡುಗಿ ಜೂನ್‌ನಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ, ದಸರಾ ರಜೆಯ ಹೊತ್ತಿಗೆ ಇಡೀ ತರಗತಿಗೆ ಕನ್ನಡದಲ್ಲಿ ಮಗ್ಗಿ ಹೇಳಿಕೊಡುತ್ತಿದ್ದಳು ಅಂತ. ಇದನ್ನು ಓದುವಾಗ ನನ್ನ ಕಣ್ಣು ತುಂಬಿ ಬಂತು. ಕೇಳುವವರಿಗೂ ಹಾಗೇ ಆಗುತ್ತದೆ. 1953ರ ಕಥೆ, ಈ ಹುಡುಗಿಯ ಕಥೆ, ಎರಡೇ ಸಾಕು. ಹತ್ತು ನಿಮಿಷಕ್ಕೆ ಮೂರನೆಯದು ಹಿಡಿಸುವುದಿಲ್ಲ.

ತಯಾರಿ ಎಂದರೆ ಉರುಹೊಡೆಯುವುದಲ್ಲ. ಅಡುಗೆಮನೆಯಲ್ಲಿ ಅತ್ತೆ ಕೂತಿರುವಾಗ ಈ ಎರಡು ಕಥೆಗಳನ್ನು ಅವರಿಗೆ ಬಾಯಿಬಿಟ್ಟು ಹೇಳಿ, ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು. ಅವರು ಎಲ್ಲಿ ‘ಆಮೇಲೆ?’ ಎನ್ನುತ್ತಾರೋ ಅದು ಉಳಿಯಲಿ, ಎಲ್ಲಿ ಆಕಳಿಸುತ್ತಾರೋ ಅದನ್ನು ತೆಗೆಯಿರಿ. ಮನಸ್ಸಿನಲ್ಲೇ ಓದಿಕೊಂಡರೆ ಇದು ಗೊತ್ತಾಗುವುದಿಲ್ಲ. ಮೊದಲ ವಾಕ್ಯ, ಕೊನೆಯ ವಾಕ್ಯ ಮಾತ್ರ ಬಾಯಿಪಾಠ ಇರಲಿ. ಇಸವಿ, ಹೆಸರು ಮರೆಯದ ಹಾಗೆ ಅಂಗೈಯಗಲದ ಚೀಟಿ ಸಾಕು. ತಾಲ್ಲೂಕು ಕಾರ್ಯಕ್ರಮಗಳು ಹೊತ್ತಿಗೆ ಸರಿಯಾಗಿ ಶುರುವಾಗುವುದು ಅಪರೂಪ, ನಿಮ್ಮ ಸರದಿ ಬರುವ ಹೊತ್ತಿಗೆ ಬೇಗ ಮುಗಿಸಿ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಹುಡುಗಿಯ ಕಥೆಯೊಂದನ್ನೇ ಹೇಳಿ ಕೆಳಗಿಳಿಯಿರಿ. ಬಿಸಿಲಲ್ಲಿ ನಿಂತ ಮಕ್ಕಳ ಮೇಲೂ ಕರುಣೆ ಬೇಕು.

ಇಷ್ಟಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ, ಅದನ್ನು ಇವತ್ತೇ ಮಾಡಿ. ಹನ್ನೆರಡು ಪುಟ ಭಾವನವರ ಕೈಗೆ ಕೊಟ್ಟು ಹೀಗೆನ್ನಿ: ‘ಭಾವ, ಈ ಸಲ ನನ್ನ ಮಾತನ್ನ ನಾನೇ ಆಡ್ತೀನಿ. ನೀವು ಮುಂದಿನ ಸಾಲಲ್ಲಿ ಕೂತು ಕೇಳಬೇಕು.’ ಬೇಜಾರಾದರೆ ಆಗಲಿ, ಅದು ಒಂದು ವಾರದ್ದು. ಯಜಮಾನರಿಗೆ, ನನಗೆ ಹುಷಾರಾಗಿಯೇ ಇದೆ ಎಂದು ಹೇಳಿಬಿಡಿ.