ಬಿಜೈಯ ಹೆಂಚಿನ ಮನೆಯಲ್ಲಿ ಹಿರಿಯರ ಆರೈಕೆ

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ನಮ್ಮ ಹಳೆಯ ಹೆಂಚಿನ ಮನೆ ಖಾಲಿ ಇದೆ. ಆರು ಹಿರಿಯರಿಗೆ ಆರೈಕೆ ಮನೆ ತೆರೆಯಬಹುದೇ?

ಉತ್ತರ: ತೆರೆಯಬಹುದು. ಆದರೆ ರಿಪೇರಿಗೆ ಹಣ ಹಾಕುವ ಮೊದಲು ವಸತಿ ವಲಯದಲ್ಲಿ ಇದಕ್ಕೆ ಅನುಮತಿ ಸಿಗುತ್ತದೆಯೇ ಎಂದು ಮಹಾನಗರ ಪಾಲಿಕೆಯಲ್ಲಿ ವಿಚಾರಿಸಿ. ಚಿಕಿತ್ಸೆಯನ್ನೂ ಕೊಡುವುದಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಬೇಕು.

ನಮ್ಮೂರ ಹಳೆಯ ಮನೆಗಳಲ್ಲಿ ದೊಡ್ಡ ಅಪಾಯ ಇರುವುದು ಬಚ್ಚಲಿನಲ್ಲಿ. ಬಾಗಿಲು 90 ಸೆಂ.ಮೀ. ಅಗಲವಿರಲಿ, ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಾಗಿಲಿಗೆ ಅಡ್ಡ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ಗೋಡೆಯ ಹಿಡಿಕೆಗೆ ಸಾದಾ ಪ್ಲಾಸ್ಟಿಕ್ ಪ್ಲಗ್ ನಂಬಬೇಡಿ. ಇಂಥ ಮನೆಗಳ ಗೋಡೆಯ ಕೆಂಪು ಕಲ್ಲು ಮೆದು, ಮೈಭಾರ ಬಿದ್ದಾಗ ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಗೋಡೆಯ ಆಚೆ ಬದಿಗೆ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿಸಿ. ಜಗಲಿ 30 ಸೆಂ.ಮೀ. ಎತ್ತರವಿದ್ದರೆ ಇಳಿಜಾರು ದಾರಿ 3.6 ಮೀಟರ್ ಉದ್ದ ಬೇಕು. ಅದರ ಮೇಲೆ ಮಾಡು (ಚಾವಣಿ) ಹಾಕಿಸದಿದ್ದರೆ ಜೂನ್ ಮುಗಿಯುವುದರೊಳಗೆ ಪಾಚಿ ಕಟ್ಟಿ ಜಾರುತ್ತದೆ.

ಆರು ಜನರಿಗೆ ಇಬ್ಬರು ಕೆಲಸದವರು ಸಾಕೆಂಬ ಲೆಕ್ಕ ತಪ್ಪು. ಹಾಸಿಗೆ ಹಿಡಿದವರನ್ನು ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಮೂರು ಪಾಳಿಗೆ ಮೂವರು, ರಜೆಗೆ ಬದಲಿ ಒಬ್ಬರು, ಅಡುಗೆಯವರು ಬೇರೆ.